ನೆಮೊ ತಂದರೆ ಹೂವೂ ತರಬೇಕಾ?

ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅಂತ ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ‘ಫೈಂಡಿಂಗ್ ನೆಮೊ’ ಸಿನಿಮಾ ಬಂದಿದ್ದು 2003ರಲ್ಲಿ. ಅದನ್ನು ನೋಡಿ ಕುಣಿದ ಮಕ್ಕಳು ಈಗ ಸಂಬಳ ತರುತ್ತಿದ್ದಾರೆ. ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಟಿವಿ ಪಕ್ಕ ಒಂದು ಮೂಲೆ ಖಾಲಿ ಇದೆ. ಫೋನ್ ತೆಗೆದರೆ ನೀಲಿ ಬೆಳಕಿನ ಟ್ಯಾಂಕ್‌ಗಳ ರೀಲ್ಸ್. ಅಂಗಡಿಗೆ ಹೋದರೆ ಸಲಹೆಯೂ ಸಿದ್ಧ: “ಜೋಡಿನೇ ತಗೊಳ್ಳಿ ಮೇಡಂ, ಇದಿಲ್ದೆ ಅದು ಬದುಕಲ್ಲ.”

ಆ ಮಾತಿನಲ್ಲಿ ಅರ್ಧ ವಿಜ್ಞಾನ, ಅರ್ಧ ವ್ಯಾಪಾರ. ಕಡಲಿನಲ್ಲಿ ಜೋಡಿಯಾಗಿ ಬದುಕುವ ಪ್ರಾಣಿಗಳು ಬೇಕಾದಷ್ಟಿವೆ, ನಿಜ. ಆದರೆ ಅವನ್ನು ಜೋಡಿಯಾಗಿ ಎತ್ತಿಕೊಂಡು ಬಂದು ಗಾಜಿನ ಪೆಟ್ಟಿಗೆಗೆ ಹಾಕಿದರೆ ಸಂಬಂಧವೂ ಜೊತೆಗೇ ಬರುತ್ತದಾ? ನಮ್ಮ ಮನೆಯ ನಾಲ್ಕಡಿ ಟ್ಯಾಂಕಿನ ಮುಂದೆ ಆರು ವರ್ಷ ಕೂತು ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಕೆಲವು ಸಂಬಂಧಗಳು ಹಾಗೇ ಬರುತ್ತವೆ, ಕೆಲವು ಅರ್ಧ ಬರುತ್ತವೆ, ಒಂದೆರಡು ಬರುವುದೇ ಇಲ್ಲ. ಬಾರದಿದ್ದಾಗ ಬೆಲೆ ತೆರುವುದು ಆ ಪ್ರಾಣಿ.

ಸಹಜೀವನ ಅಂದರೆ ಸ್ನೇಹ ಅಲ್ಲ

ಶಾಲೆಯಲ್ಲಿ ‘ಸಿಂಬಯಾಸಿಸ್’ ಅಂತ ಓದಿದ್ದು ನೆನಪಿರಬಹುದು. ಈ ಪದಕ್ಕೆ ಚಲಾವಣೆ ಕೊಟ್ಟವನು ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ, 1879ರಲ್ಲಿ. ಬೇರೆ ಬೇರೆ ಜಾತಿಯ ಜೀವಿಗಳು ಒಟ್ಟಿಗೆ ಬಾಳುವುದು ಅಂತಷ್ಟೇ ಅವನ ಅರ್ಥ. ಇಬ್ಬರಿಗೂ ಲಾಭ ಇರಲೇಬೇಕು ಅಂತ ಅವನು ಹೇಳಲಿಲ್ಲ. ಇಬ್ಬರಿಗೂ ಲಾಭವಾಗುವುದು, ಒಬ್ಬರಿಗೆ ಲಾಭವಾಗಿ ಇನ್ನೊಬ್ಬರಿಗೆ ಏನೂ ಆಗದಿರುವುದು, ಒಬ್ಬರು ಇನ್ನೊಬ್ಬರ ರಕ್ತ ಹೀರುವುದು, ಮೂರೂ ಆ ಪದದೊಳಗೇ ಬರುತ್ತವೆ.

ಹಾಗಾಗಿ ಇದನ್ನು ಗೆಳೆತನದ ಕತೆಯಾಗಿ ನೋಡುವುದಕ್ಕಿಂತ ಕೊಡು-ಕೊಳ್ಳುವ ಲೆಕ್ಕವಾಗಿ ನೋಡುವುದು ಒಳ್ಳೆಯದು. ಯಾರು ಏನು ಕೊಡುತ್ತಾರೆ, ಏನು ತಗೊಳ್ಳುತ್ತಾರೆ, ಆ ಕೊಡುವ ವಸ್ತು ಎಲ್ಲಿಂದ ಬರುತ್ತದೆ? ಈ ಕೊನೆಯ ಪ್ರಶ್ನೆಯಲ್ಲೇ ಅಕ್ವೇರಿಯಂನ ಅಸಲಿ ವಿಷಯ ಇರುವುದು.

ಕಣ್ಣು ಒಬ್ಬರದು, ಕೈ ಒಬ್ಬರದು

ಮೊದಲು ಹಾಗೇ ಬರುವ ಸಂಬಂಧ. ಗೋಬಿ ಮತ್ತು ಪಿಸ್ತೂಲ್ ಸಿಗಡಿ. (ಮಂಚೂರಿ ಮಾಡುವ ಗೋಬಿ ಅಲ್ಲ, ಇದು ಬೆರಳುದ್ದದ ಮೀನು.)

ಈ ಸಿಗಡಿಗೆ ಕಣ್ಣು ಅಷ್ಟಕ್ಕಷ್ಟೇ. ಆದರೆ ಅಗೆಯುವುದರಲ್ಲಿ ಇದನ್ನು ಮೀರಿಸುವವರಿಲ್ಲ. ಮರಳಿನಲ್ಲಿ ಬಿಲ ತೋಡುತ್ತದೆ, ಚೂರು ಕಲ್ಲು, ಚಿಪ್ಪು ತಂದು ಗೋಡೆಗೆ ಜೋಡಿಸುತ್ತದೆ, ಕುಸಿದರೆ ಮತ್ತೆ ಶುರು. ಗೋಬಿಗೆ ಕಣ್ಣು ಚುರುಕು, ಆದರೆ ಇಂಥ ಮನೆ ಕಟ್ಟಿಕೊಳ್ಳಲು ಬರುವುದಿಲ್ಲ. ಹಾಗಾಗಿ ಗೋಬಿ ಬಿಲದ ಬಾಯಲ್ಲಿ ಕಾವಲು ನಿಲ್ಲುತ್ತದೆ, ಸಿಗಡಿ ಒಳಗಿನಿಂದ ಬುಲ್ಡೋಜರ್ ಥರ ಮರಳು ತಳ್ಳಿಕೊಂಡು ಬರುತ್ತದೆ. ಹೊರಗೆ ಇರುವಷ್ಟು ಹೊತ್ತೂ ಸಿಗಡಿಯ ಉದ್ದ ಮೀಸೆ ಗೋಬಿಯ ಮೈಗೆ ತಾಗಿಕೊಂಡೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲವನ್ನು ಪಟಪಟ ಅಲ್ಲಾಡಿಸುತ್ತದೆ. ಮರುಕ್ಷಣ ಸಿಗಡಿ ಒಳಗೆ. ಅಪಾಯ ದೊಡ್ಡದಾದರೆ ಗೋಬಿಯೂ ಹಿಂದೆಯೇ ಒಳಗೆ.

ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಬೆಚ್ಚಗಿನ ನೀರಿನಲ್ಲಿ ನೂರಕ್ಕೂ ಹೆಚ್ಚು ಜಾತಿಯ ಗೋಬಿಗಳು ಹೀಗೆ ಸಿಗಡಿ ಜೊತೆ ಮನೆ ಹಂಚಿಕೊಳ್ಳುತ್ತವೆ. ನಮ್ಮ ಟ್ಯಾಂಕಿನಲ್ಲಿರುವುದು ಹಳದಿ ಗೋಬಿ ಮತ್ತು ಹುಲಿಪಟ್ಟೆಯ ಸಿಗಡಿ. ಎರಡನ್ನೂ ಬೇರೆ ಬೇರೆ ದಿನ, ಟ್ಯಾಂಕಿನ ಬೇರೆ ಬೇರೆ ಮೂಲೆಯಲ್ಲಿ ಬಿಟ್ಟಿದ್ದೆ. ಮೂರನೇ ದಿನ ನೋಡಿದರೆ ಒಂದೇ ಬಿಲ. ಅಮ್ಮ ಊರಿನಿಂದ ಬಂದಾಗ ಮಧ್ಯಾಹ್ನದ ಧಾರಾವಾಹಿ ಬಿಟ್ಟು ಇದರ ಮುಂದೆ ಕೂರುತ್ತಾರೆ. “ನೋಡೇ, ನಮ್ಮನೆ ಕಟ್ಟಿದ ಮೇಸ್ತ್ರಿಗಿಂತ ಚುರುಕಾಗಿದೆ. ಕೂಲಿನೂ ಕೇಳಲ್ಲ” ಅನ್ನುವುದು ಅವರ ಅಭಿಪ್ರಾಯ.

ನಮ್ಮ ಟ್ಯಾಂಕಿನಲ್ಲಿ ಇವನ್ನು ತಿನ್ನುವ ಮೀನು ಒಂದೂ ಇಲ್ಲ. ಆದರೂ ಕಾವಲು ನಿಂತಿಲ್ಲ. ಕಾರಣ ಸರಳ. ಸಿಗಡಿಯ ಕಣ್ಣು ಇಲ್ಲೂ ಮಂದವೇ, ಗೋಬಿಗೆ ಇಲ್ಲೂ ಬಿಲ ಬೇಕು. ಎರಡೂ ಕೊಡುವ ವಸ್ತು ಅವುಗಳ ಮೈಯಲ್ಲೇ ಇದೆ, ಸಮುದ್ರದಿಂದ ತರಬೇಕಾಗಿಲ್ಲ. ಅದಕ್ಕೇ ಈ ಸಂಬಂಧ ಗಾಜಿನೊಳಗೂ ಉಳಿಯುತ್ತದೆ.

ನಾವು ಕೊಡಬೇಕಾದ್ದು ಎರಡು ಮೂರು ಇವೆ. ನುಣ್ಣನೆ ಮರಳಿನ ಜೊತೆ ಸಣ್ಣ ಕಲ್ಲು, ಚಿಪ್ಪಿನ ಚೂರು ಬೆರೆಸಿ ಎರಡು ಮೂರು ಇಂಚು ದಪ್ಪ ಹಾಕಿ. ಬರೀ ಮರಳಾದರೆ ಬಿಲ ನಿಲ್ಲುವುದಿಲ್ಲ. ದೊಡ್ಡ ಕಲ್ಲುಗಳನ್ನು ಮರಳಿನ ಮೇಲೆ ಇಡಬೇಡಿ, ಮೊದಲು ಗಾಜಿನ ತಳದ ಮೇಲೆ ಕೂರಿಸಿ ಆಮೇಲೆ ಮರಳು ಹಾಕಿ. ಇಲ್ಲವಾದರೆ ಸಿಗಡಿ ಅಡಿಪಾಯ ಅಗೆದು ಕಲ್ಲು ಉರುಳುತ್ತದೆ. ಟ್ಯಾಂಕಿಗೆ ಮುಚ್ಚಳ ಇರಲಿ, ಗೋಬಿ ಹಾರುವ ಮೀನು.

ಇನ್ನೊಂದು ಮಾತು. ರಾತ್ರಿ ಟ್ಯಾಂಕಿನಿಂದ ‘ಟಕ್’ ಅಂತ ಸದ್ದು ಬಂದರೆ ಗಾಜು ಒಡೆಯಿತು ಅಂತ ಎದ್ದು ಓಡಬೇಡಿ. ಪಿಸ್ತೂಲ್ ಸಿಗಡಿಗೆ ಆ ಹೆಸರು ಬಂದಿದ್ದೇ ಅದರಿಂದ. ದೊಡ್ಡ ಕೊಂಡಿಯನ್ನು ರಪ್ಪನೆ ಮುಚ್ಚಿದಾಗ ನೀರು ಚಿಮ್ಮಿ ಒಂದು ಗುಳ್ಳೆ ಹುಟ್ಟುತ್ತದೆ. ಸದ್ದು ಬರುವುದು ಕೊಂಡಿ ಬಡಿದದ್ದರಿಂದಲ್ಲ, ಆ ಗುಳ್ಳೆ ಕುಸಿದದ್ದರಿಂದ ಅಂತ ನೆದರ್ಲೆಂಡ್ಸ್ ಮತ್ತು ಜರ್ಮನಿಯ ವಿಜ್ಞಾನಿಗಳು 2000ರಲ್ಲಿ ತೋರಿಸಿದರು. ಕುಸಿಯುವ ಗುಳ್ಳೆಯೊಳಗಿನ ಶಾಖ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, 4,700 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಷ್ಟೆಲ್ಲ ಆಯುಧ ಇಟ್ಟುಕೊಂಡ ಪ್ರಾಣಿ ಗೋಬಿ ಮೈಯನ್ನು ಮೀಸೆಯಲ್ಲಿ ಮೆಲ್ಲಗೆ ಮುಟ್ಟಿಕೊಂಡು ಓಡಾಡುತ್ತದೆ.

ನೆಮೊಗೆ ಹೂವು ಬೇಡ, ಹೂವಿಗೆ?

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ನೆಮೊ ಅಂದರೆ ಕ್ಲೌನ್ ಮೀನು. ಅದು ವಾಸಿಸುವ ‘ಹೂವು’ ಅನಿಮೋನ್, ಅಂದರೆ ಕಡಲಹೂವು. ನೋಡಲು ಹೂವಾದರೂ ಅದೂ ಪ್ರಾಣಿಯೇ. ಒಂದೊಂದು ಎಸಳಿನಲ್ಲೂ ಸಾವಿರಾರು ವಿಷದ ಕುಟುಕು ಕೋಶಗಳಿವೆ. ಬೇರೆ ಮೀನು ತಾಗಿದರೆ ಊಟವಾಗುತ್ತದೆ. ಕ್ಲೌನ್ ಮೀನಿನ ಮೈಮೇಲಿನ ವಿಶೇಷ ಲೋಳೆ ಅದನ್ನು ಕಾಪಾಡುತ್ತದೆ.

ಸಮುದ್ರದಲ್ಲಿ ಲೆಕ್ಕ ಚೊಕ್ಕವಾಗಿದೆ. ಮೀನಿಗೆ ವಿಷದ ಬೇಲಿಯಿರುವ ಮನೆ ಸಿಗುತ್ತದೆ. ಮೊಟ್ಟೆ ಇಡುವುದೂ ಅದರ ಬುಡದ ಕಲ್ಲಿನ ಮೇಲೆ. ಬದಲಿಗೆ ಮೀನು ಅನಿಮೋನನ್ನು ಕಚ್ಚಿ ತಿನ್ನಲು ಬರುವ ಚಿಟ್ಟೆಮೀನುಗಳನ್ನು ಓಡಿಸುತ್ತದೆ. ಮೀನಿನ ಮಲಮೂತ್ರದ ಅಮೋನಿಯಾ ಅನಿಮೋನಿನ ಮೈಯೊಳಗಿನ ಪಾಚಿಗೆ ಗೊಬ್ಬರ. ರಾತ್ರಿ ಎಸಳುಗಳ ನಡುವೆ ಮೀನು ರೆಕ್ಕೆ ಬೀಸುತ್ತಾ ಮಲಗಿದರೆ ಅನಿಮೋನಿಗೆ ಹೊಸ ನೀರು, ಆಮ್ಲಜನಕ.

ಟ್ಯಾಂಕಿಗೆ ಬಂದರೆ? ತಿನ್ನುವವರಿಲ್ಲದ ಕಡೆ ಬೇಲಿ ಯಾಕೆ? ಕ್ಲೌನ್ ಮೀನು ಅನಿಮೋನ್ ಇಲ್ಲದೆಯೇ ಆರಾಮಾಗಿ ಬದುಕುತ್ತದೆ, ಜೋಡಿ ಕಟ್ಟುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಅಂಟಿಕೊಳ್ಳುವ ಚಟ ಮಾತ್ರ ಬಿಡುವುದಿಲ್ಲ. ಅನಿಮೋನ್ ಸಿಗದಿದ್ದರೆ ಮೃದು ಹವಳ, ಅದೂ ಇಲ್ಲದಿದ್ದರೆ ಪಾಚಿಯ ಗುಪ್ಪೆ, ಕೊನೆಗೆ ನೀರು ತಿರುಗಿಸುವ ಪಂಪನ್ನೇ ಮನೆ ಮಾಡಿಕೊಂಡ ಕ್ಲೌನ್‌ಗಳಿವೆ. ಅಂಗಡಿಯಲ್ಲಿ ಅನಿಮೋನ್ ಜೊತೆಗೇ ಕೊಟ್ಟರೂ ಅದು ಒಪ್ಪುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಕ್ಲೌನ್‌ಗಳಲ್ಲಿ ಸುಮಾರು 30 ಜಾತಿ, ಅವು ಒಪ್ಪುವ ಅನಿಮೋನ್ ಹತ್ತು ಜಾತಿ. ಕ್ಲಾರ್ಕಿ ಅನ್ನುವ ಜಾತಿಗೆ ಹತ್ತೂ ಸರಿ. ಕಡುಗೆಂಪಿನ ಮರೂನ್ ಕ್ಲೌನ್‌ಗೆ ಸಮುದ್ರದಲ್ಲಿ ಒಂದೇ ಒಂದು, ಎಸಳಿನ ತುದಿ ಗುಳ್ಳೆಯಂತಿರುವ ಬಬಲ್ ಟಿಪ್. ಅಂಗಡಿಗಳಲ್ಲಿ ನೆಮೊ ಅಂತ ಮಾರುವ ಓಸೆಲ್ಲಾರಿಸ್‌ಗೆ ಬಬಲ್ ಟಿಪ್ ಸಮುದ್ರದಲ್ಲಿ ನೆಂಟನೇ ಅಲ್ಲ. ಟ್ಯಾಂಕಿನಲ್ಲಿ ಕೆಲವು ಒಪ್ಪಿಕೊಳ್ಳುತ್ತವೆ, ಕೆಲವು ತಿರುಗಿಯೂ ನೋಡುವುದಿಲ್ಲ.

ಇನ್ನು ಅನಿಮೋನಿನ ಕಡೆಯಿಂದ ನೋಡಿ. ಸಮುದ್ರದಲ್ಲಿ ಅದು ದಶಕಗಳ ಕಾಲ ಬದುಕುವ ಪ್ರಾಣಿ. ಟ್ಯಾಂಕಿಗೆ ಬಂದ ಎಷ್ಟೋ ಅನಿಮೋನ್‌ಗಳು ಮೊದಲ ವರ್ಷ ದಾಟುವುದಿಲ್ಲ. ಮೈಯೊಳಗಿನ ಪಾಚಿಗೆ ಪ್ರಖರ ಬೆಳಕು ಬೇಕು. ನೀರಿನ ಉಪ್ಪು, ಶಾಖ ದಿನದಿಂದ ದಿನಕ್ಕೆ ಏರುಪೇರಾಗಬಾರದು. ಇಷ್ಟವಾಗದಿದ್ದರೆ ಅದು ಎದ್ದು ನಡೆಯುತ್ತದೆ, ನಡೆದು ಪಂಪಿಗೆ ಸಿಕ್ಕಿ ಚೂರಾಗುತ್ತದೆ. ಸತ್ತ ಅನಿಮೋನ್ ಒಂದೇ ರಾತ್ರಿಯಲ್ಲಿ ಇಡೀ ಟ್ಯಾಂಕಿನ ನೀರು ಕೆಡಿಸಬಲ್ಲದು. ಹಾಗಾಗಿ ಹೊಸ ಟ್ಯಾಂಕಿಗೆ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ವರ್ಷ ಅನಿಮೋನ್ ಬೇಡ. ತಂದರೂ ಬಬಲ್ ಟಿಪ್ ತನ್ನಿ. ಅದು ಟ್ಯಾಂಕಿನಲ್ಲೇ ತಾನಾಗಿ ಎರಡಾಗುತ್ತದೆ, ಹಾಗೆ ಒಡೆದ ಮರಿ ಬೇರೆ ಹವ್ಯಾಸಿಗಳ ಹತ್ತಿರ ಸಿಗುತ್ತದೆ.

ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗಿರುವ ಅನಿಮೋನ್ ಕಂಡರೆ “ರೇರ್ ಪೀಸ್” ಅನ್ನುವ ಮಾತಿಗೆ ಮರುಳಾಗಬೇಡಿ. ಅದು ಒಳಗಿನ ಪಾಚಿ ಕಳೆದುಕೊಂಡು ಹಸಿದಿರುವ ಪ್ರಾಣಿ. ಕಣ್ಣು ಕುಕ್ಕುವ ಹಳದಿ, ನೇರಳೆ ಕಂಡರೂ ಅನುಮಾನಿಸಿ. ಬಣ್ಣ ಹಾಕಿ ಮಾರುವುದುಂಟು.

ಅಂದರೆ, ನೆಮೊ ತಂದರೆ ಹೂವು ತರಬೇಕಾಗಿಲ್ಲ. ಕ್ಲೌನ್‌ಗೆ ಬೇಕಾದ್ದು ಇನ್ನೊಂದು ಕ್ಲೌನ್. ಇವುಗಳ ಸಂಸಾರವೂ ಸ್ವಾರಸ್ಯವೇ. ಎಲ್ಲವೂ ಮೊದಲು ಗಂಡಾಗಿ ಬೆಳೆಯುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದೇ ಯಜಮಾನಿ. ಎರಡನೆಯದು ಗಂಡ. ಉಳಿದವು ಮೇಲಿನವರ ಕಣ್ಣಿಗೆ ಬೀಳದಂತೆ ಸಣ್ಣದಾಗಿಯೇ ಉಳಿಯುತ್ತವೆ. ಹೆಣ್ಣು ಸತ್ತರೆ ಗಂಡ ಹೆಣ್ಣಾಗುತ್ತದೆ. ಸಿನಿಮಾದವರು ಜೀವಶಾಸ್ತ್ರ ಪಾಲಿಸಿದ್ದರೆ ತಾಯಿ ಸತ್ತ ಮೇಲೆ ನೆಮೊ ಅಪ್ಪ ನೆಮೊ ಅಮ್ಮ ಆಗಬೇಕಿತ್ತು! ಟ್ಯಾಂಕಿಗೆ ಜೋಡಿ ಬೇಕಾದರೆ ಒಂದು ಚಿಕ್ಕದು, ಒಂದು ಸ್ವಲ್ಪ ದೊಡ್ಡದು ಆರಿಸಿ. ಉಳಿದದ್ದನ್ನು ಅವೇ ತೀರ್ಮಾನಿಸಿಕೊಳ್ಳುತ್ತವೆ.

ಗಿರಾಕಿಗಳಿಲ್ಲದ ಸಲೂನ್

ಮೂರನೆಯದು ಗಾಜಿನೊಳಗೆ ಬಾರದ ಸಂಬಂಧ. ಮೀನಿನ ಅಂಗಡಿಯಲ್ಲಿ ನನಗೆ ಅತ್ಯಂತ ಬೇಸರ ತರಿಸುವ ನೋಟವೂ ಇದೇ.

ಕ್ಲೀನರ್ ರಾಸ್ ಅಂತ ಒಂದು ಮೀನಿದೆ. ಬೆರಳಿನ ಗಾತ್ರ, ನೀಲಿ ಮೈ, ಉದ್ದಕ್ಕೆ ಕಪ್ಪು ಪಟ್ಟೆ. ಹವಳದ ದಿಬ್ಬದ ಒಂದು ಜಾಗದಲ್ಲಿ ಇದು ಸಲೂನ್ ಹಾಕಿಕೊಂಡಿರುತ್ತದೆ. ಬೇರೆ ಮೀನುಗಳು ಸಾಲಾಗಿ ಬಂದು ಬಾಯಿ ತೆರೆದು, ಕಿವಿರು ಅಗಲಿಸಿ ನಿಲ್ಲುತ್ತವೆ. ಇದು ಒಳಗೆ ನುಗ್ಗಿ ರಕ್ತ ಹೀರುವ ಪರಾವಲಂಬಿಗಳನ್ನು ಹೆಕ್ಕಿ ತಿನ್ನುತ್ತದೆ. ಇದನ್ನು ಒಂದೇ ಗುಟುಕಿಗೆ ನುಂಗಬಲ್ಲ ಮೀನುಗಳೂ ನುಂಗುವುದಿಲ್ಲ. ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ಅಲೆಕ್ಸಾಂಡ್ರಾ ಗ್ರಟರ್ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಕ್ಲೀನರ್ ದಿನಕ್ಕೆ ಸರಾಸರಿ 1,218 ಪರಾವಲಂಬಿಗಳನ್ನು ತಿನ್ನುತ್ತದೆ; ತಪಾಸಣೆ ಮಾಡುವ ಮೀನುಗಳ ಸಂಖ್ಯೆ ದಿನಕ್ಕೆ ಎರಡು ಸಾವಿರ ದಾಟುತ್ತದೆ.

ಇದರಲ್ಲೂ ಕಳ್ಳಾಟ ಇದೆ. ಕ್ಲೀನರ್‌ಗೆ ನಿಜವಾಗಿ ರುಚಿಸುವುದು ಪರಾವಲಂಬಿಗಿಂತ ಗಿರಾಕಿಯ ಮೈಮೇಲಿನ ಲೋಳೆ. ಅವಕಾಶ ಸಿಕ್ಕರೆ ಅದನ್ನೇ ಕಚ್ಚುತ್ತದೆ. ಗಿರಾಕಿ ಬೆಚ್ಚಿಬಿದ್ದು ಅಟ್ಟಿಸಿಕೊಂಡು ಹೋಗುತ್ತದೆ, ಇಲ್ಲವೇ ಬೇರೆ ಸಲೂನ್ ನೋಡಿಕೊಳ್ಳುತ್ತದೆ. ಇದನ್ನು ವರ್ಷಾನುಗಟ್ಟಲೆ ಅಧ್ಯಯನ ಮಾಡಿದ ರೆದುವಾನ್ ಬ್ಶಾರಿ ಮತ್ತು ಸಂಗಡಿಗರು ಕಂಡುಕೊಂಡ ತಮಾಷೆಯ ಸಂಗತಿ: ಬೇರೆ ಗಿರಾಕಿ ನಿಂತು ನೋಡುತ್ತಿದ್ದರೆ ಕ್ಲೀನರ್ ಹೆಚ್ಚು ಪ್ರಾಮಾಣಿಕವಾಗಿ ಕೆಲಸ ಮಾಡುತ್ತದೆ. ಗೂಗಲ್ ರಿವ್ಯೂಗೆ ಹೆದರುವ ಹೋಟೆಲಿನ ಹಾಗೆ. ಜಪಾನಿನಲ್ಲಿ ಮಸನೋರಿ ಕೊಹ್ದಾ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಂಟಲ ಮೇಲೆ ಗುರುತು ಹಾಕಿದ ಕ್ಲೀನರ್ ಮೀನುಗಳು ಕನ್ನಡಿ ನೋಡಿದ ಮೇಲೆ ಅದನ್ನು ಕಲ್ಲಿಗೆ ಉಜ್ಜಿ ತೆಗೆಯಲು ನೋಡಿದವು. ಇಂಥ ಬುದ್ಧಿಯ ಮೀನು ಇದು.

ಅಂಗಡಿಯವರು ಇದನ್ನು ಕೊಡುವುದು “ಮೀನಿಗೆ ಕಾಯಿಲೆ ಬಂದ್ರೆ ಇದು ಕ್ಲೀನ್ ಮಾಡ್ಕೊಳುತ್ತೆ” ಅಂತ. ಈಗ ಲೆಕ್ಕ ಹಾಕಿ. ನಿಮ್ಮ ಟ್ಯಾಂಕಿನಲ್ಲಿ ಆರೋ ಎಂಟೋ ಮೀನು. ಕಡಲಿನಲ್ಲಿ ದಿನಕ್ಕೆ ಸಾವಿರ ಪರಾವಲಂಬಿ ತಿನ್ನುತ್ತಿದ್ದ ಪ್ರಾಣಿಗೆ ಇಲ್ಲಿ ಒಂದೂ ಸಿಗುವುದಿಲ್ಲ. ಕೆಲವು ಕ್ಲೀನರ್‌ಗಳು ಫ್ರೋಜನ್ ಆಹಾರ ತಿನ್ನಲು ಕಲಿಯುತ್ತವೆ. ಕಲಿಯದವು ದಿನದಿಂದ ದಿನಕ್ಕೆ ಹೊಟ್ಟೆ ಬೆನ್ನಿಗಂಟಿ ಸಾಯುತ್ತವೆ. ಸಾಯುವ ಮೊದಲು ಇರುವ ಆರು ಮೀನುಗಳ ಲೋಳೆಗೇ ಬಾಯಿ ಹಾಕುತ್ತವೆ. ಸಮುದ್ರದಲ್ಲಿ ಮೋಸ ಹೋದ ಗಿರಾಕಿ ಬೇರೆ ಕಡೆ ಹೋಗಬಹುದಿತ್ತು. ನಾಲ್ಕಡಿ ಗಾಜಿನಲ್ಲಿ ಎಲ್ಲಿಗೆ ಹೋಗುತ್ತದೆ? ಮೂಲೆಯಲ್ಲಿ ಅವಿತುಕೊಳ್ಳುತ್ತದೆ. ಪ್ರಾಣಿ ಕೆಟ್ಟದ್ದಲ್ಲ. ಅದರ ಪ್ರಾಮಾಣಿಕತೆಯನ್ನು ಕಾಯುತ್ತಿದ್ದ ಜನಸಂದಣಿ ಇಲ್ಲಿಲ್ಲ ಅಷ್ಟೇ.

ಕಾಯಿಲೆ ವಾಸಿಯಾಗುತ್ತದಾ? ಉಪ್ಪುನೀರಿನ ಮೀನುಗಳಿಗೆ ಸಾಮಾನ್ಯವಾಗಿ ಬರುವುದು ಬಿಳಿಚುಕ್ಕೆ ರೋಗ. ಆ ಪರಾವಲಂಬಿ ಕೂರುವುದು ಚರ್ಮದ ಪದರದ ಕೆಳಗೆ, ಕ್ಲೀನರ್ ಬಾಯಿಗೆ ಸಿಗುವುದಿಲ್ಲ. ಅದಕ್ಕೆ ಮದ್ದು ಬೇರೆ ಟ್ಯಾಂಕಿನಲ್ಲಿ ಮೀನನ್ನು ಇಟ್ಟು ಚಿಕಿತ್ಸೆ ಕೊಡುವುದು. ಮುಖ್ಯ ಟ್ಯಾಂಕಿಗೆ ತಾಮ್ರದ ಔಷಧಿ ಹಾಕಿದರೆ ಸಿಗಡಿ, ಅನಿಮೋನ್, ಹವಳ ಎಲ್ಲ ಹೋಗುತ್ತವೆ.

ಶುಚಿ ಮಾಡುವ ಜೀವಿಯನ್ನು ನೋಡಲೇಬೇಕು ಅಂದರೆ ಕ್ಲೀನರ್ ಸಿಗಡಿ ತನ್ನಿ. ಕೆಂಪು ಬೆನ್ನಿನ ಮೇಲೆ ಒಂದು ಬಿಳಿ ಗೆರೆ, ಉದ್ದ ಬಿಳಿ ಮೀಸೆ. ಇದೂ ಮೀನುಗಳ ಮೈ ಹೆಕ್ಕುತ್ತದೆ, ಆದರೆ ಹೊಟ್ಟೆಪಾಡಿಗೆ ಅದನ್ನೇ ನಂಬಿಕೊಂಡಿಲ್ಲ. ನೀವು ಹಾಕುವ ಕಾಳು, ಉಳಿದ ಚೂರು ಎಲ್ಲ ತಿನ್ನುತ್ತದೆ. ಟ್ಯಾಂಕಿನೊಳಗೆ ಕೈ ಇಟ್ಟು ಎರಡು ನಿಮಿಷ ಸುಮ್ಮನಿದ್ದರೆ ಉಗುರಿನ ಸಂದಿಯನ್ನೂ ಹೆಕ್ಕಿಕೊಡುತ್ತದೆ, ಪುಕ್ಕಟೆ ಮ್ಯಾನಿಕ್ಯೂರ್! ಕೈಗೆ ಕ್ರೀಮ್, ಸ್ಯಾನಿಟೈಸರ್ ಇರಬಾರದು.

ಕಣ್ಣಿಗೆ ಕಾಣದ ಬಾಡಿಗೆದಾರ

ಎಲ್ಲಕ್ಕಿಂತ ದೊಡ್ಡ ಜೋಡಿ ಕಣ್ಣಿಗೆ ಕಾಣುವುದೇ ಇಲ್ಲ. ಹವಳ ಪ್ರಾಣಿ, ಅದರ ಜೀವಕೋಶದೊಳಗೆ ಒಂದೇ ಕೋಶದ ಪಾಚಿಗಳು ಬಾಡಿಗೆಗಿವೆ. ಒಂದು ಚದರ ಸೆಂಟಿಮೀಟರ್ ಹವಳದಲ್ಲಿ ಹತ್ತು ಲಕ್ಷದ ಲೆಕ್ಕದಲ್ಲಿ. ಪಾಚಿ ಬಿಸಿಲಿನಿಂದ ಸಕ್ಕರೆ ಮಾಡಿ ಹವಳಕ್ಕೆ ಕೊಡುತ್ತದೆ. ಹವಳದ ಶಕ್ತಿಯ ಅಗತ್ಯದಲ್ಲಿ ನೂರಕ್ಕೆ 90ರವರೆಗೂ ಹೀಗೇ ಬರುತ್ತದೆ. ಹವಳ ಬದಲಿಗೆ ವಾಸಕ್ಕೆ ಜಾಗ, ಗೊಬ್ಬರ, ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಹವಳಕ್ಕೆ ನಾವು ನೋಡುವ ಕಂದು, ಹಸಿರು ಬಣ್ಣ ಬಹುಪಾಲು ಈ ಬಾಡಿಗೆದಾರನದೇ.

ನೀರು ಬಿಸಿಯಾದರೆ ಈ ಒಪ್ಪಂದ ಮುರಿಯುತ್ತದೆ. ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚು ಶಾಖ ಕೆಲವು ವಾರ ನಿಂತರೆ ಸಾಕು, ಹವಳ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೆಳ್ಳಗಾದ ಹವಳ ತಕ್ಷಣ ಸಾಯುವುದಿಲ್ಲ, ಆದರೆ ಹಸಿಯುತ್ತದೆ. ನಮ್ಮ ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಹೀಗೆ ಬಿಳಿಚಿದ್ದವು. 2024ರ ಬೇಸಿಗೆಯಲ್ಲಿ ಮತ್ತೆ ಬಿಳಿಚಿದವು. ಅದೇ ವರ್ಷ ಏಪ್ರಿಲ್‌ನಲ್ಲಿ ಇದು ಜಗತ್ತಿನಾದ್ಯಂತ ನಡೆಯುತ್ತಿರುವ ನಾಲ್ಕನೇ ಸಾಮೂಹಿಕ ಬಿಳಿಚುವಿಕೆ ಅಂತ ಘೋಷಣೆಯಾಯಿತು.

ಅಲ್ಲಿ ನಡೆಯುವುದು ನಿಮ್ಮ ಹಾಲ್‌ನಲ್ಲೂ ನಡೆಯಬಹುದು. ಟ್ಯಾಂಕಿನ ನೀರು 24ರಿಂದ 27 ಡಿಗ್ರಿ ಇರಬೇಕು. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಮೇಲ್ಮಹಡಿಯ ಫ್ಲ್ಯಾಟ್ ಎಷ್ಟು ಕಾಯುತ್ತದೆ ಅಂತ ಹೇಳಬೇಕಾಗಿಲ್ಲ; ಅದರ ಮೇಲೆ ಲೈಟು, ಪಂಪಿನ ಶಾಖ. ಮಂಗಳೂರು, ರಾಯಚೂರು, ಕಲಬುರಗಿಯವರಿಗೆ ಚಿಲ್ಲರ್ ಇಲ್ಲದೆ ಮಾತೇ ಇಲ್ಲ. ಫ್ಯಾನ್ ಇಟ್ಟು ತಂಪು ಮಾಡಿದರೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟು ಸಿಹಿ ಆರ್‌ಒ ನೀರು ಹಾಕಬೇಕು, ಉಪ್ಪುನೀರಲ್ಲ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಅನ್ನುವ ಸಮುದ್ರದ ಲೆಕ್ಕ ತಪ್ಪದಂತೆ ಕಾಯುವುದು ದಿನನಿತ್ಯದ ಕೆಲಸ.

ಸಮಪಾಲು ಇಲ್ಲದವರು

ಎಲ್ಲ ಜೋಡಿಯೂ ಸಮಪಾಲಿನದಲ್ಲ. ಬಾಕ್ಸರ್ ಏಡಿ ನೋಡಿ. ಉಗುರಿನಷ್ಟು ದೊಡ್ಡ ಪ್ರಾಣಿ. ಎರಡು ಕೊಂಡಿಯಲ್ಲೂ ಒಂದೊಂದು ಪುಟಾಣಿ ಅನಿಮೋನ್ ಹಿಡಿದು, ಯಾರಾದರೂ ಹತ್ತಿರ ಬಂದರೆ ಗುದ್ದುವ ಹಾಗೆ ಆಡಿಸುತ್ತದೆ. ಒಂದು ಕಳೆದುಹೋದರೆ ಉಳಿದದ್ದನ್ನೇ ಎರಡಾಗಿ ಹರಿದುಕೊಂಡು ಎರಡೂ ಕೈ ತುಂಬಿಸಿಕೊಳ್ಳುತ್ತದೆ; ಎರಡೂ ತುಂಡು ಮತ್ತೆ ಪೂರ್ತಿ ಅನಿಮೋನಾಗುತ್ತವೆ. ತಿನ್ನಲು ಹೆಚ್ಚು ಕೊಡದೆ ಅದನ್ನು ಬೋನ್ಸಾಯ್ ಥರ ಸಣ್ಣದಾಗಿಯೇ ಇಡುತ್ತದೆ. ಅನಿಮೋನಿಗೆ ಇದರಿಂದ ಲಾಭವೋ ಜೀತವೋ, ನೀವೇ ಹೇಳಿ.

ಸನ್ಯಾಸಿ ಏಡಿಗಳಲ್ಲಿ ಕೆಲವು ಇದಕ್ಕಿಂತ ಗೌರವಸ್ಥರು. ತಮ್ಮ ಚಿಪ್ಪಿನ ಮೇಲೆ ಅನಿಮೋನ್‌ಗಳನ್ನು ಕೂರಿಸಿಕೊಂಡು ಓಡಾಡುತ್ತವೆ. ಮೈ ಬೆಳೆದು ದೊಡ್ಡ ಚಿಪ್ಪಿಗೆ ಮನೆ ಬದಲಾಯಿಸುವಾಗ ಹಳೆ ಚಿಪ್ಪಿನ ಅನಿಮೋನನ್ನು ಮೆಲ್ಲಗೆ ತಟ್ಟಿ ತಟ್ಟಿ ಎಬ್ಬಿಸಿ ಹೊಸ ಮನೆಗೆ ಕರೆದೊಯ್ಯುತ್ತವೆ.

ಕಾನೂನು ಏನು ಹೇಳುತ್ತದೆ?

ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಗಟ್ಟಿ ಹವಳ, ಸಮುದ್ರ ಬೀಸಣಿಗೆ, ಕಡಲ್ಕುದುರೆ, ಸಮುದ್ರ ಸೌತೆ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿಯಲ್ಲೇ. ನಮ್ಮ ಸಮುದ್ರದಿಂದ ಇವನ್ನು ಕೀಳುವುದು, ಮಾರುವುದು, ಕೊಳ್ಳುವುದು ಅಪರಾಧ. “ಅಂಡಮಾನ್ ಪೀಸ್, ರಾಮೇಶ್ವರಂ ಪೀಸ್” ಅಂತ ಯಾರಾದರೂ ಪಿಸುಗುಟ್ಟಿದರೆ ಅಲ್ಲಿಂದ ಹೊರಡಿ.

ಕ್ಲೌನ್ ಮೀನಿನ ವಿಷಯದಲ್ಲಿ ಒಳ್ಳೆಯ ಸುದ್ದಿ ಇದೆ. ಅದನ್ನು ಸಮುದ್ರದಿಂದ ಹಿಡಿಯಬೇಕಾಗಿಯೇ ಇಲ್ಲ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮೀನುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ಹ್ಯಾಚರಿಯಲ್ಲಿ ಹುಟ್ಟಿದ ಮರಿ ಮೊದಲ ದಿನದಿಂದ ಗಾಜನ್ನೇ ನೋಡಿ ಬೆಳೆದಿರುತ್ತದೆ, ಕಾಳು ತಿನ್ನಲು ಗೊತ್ತಿರುತ್ತದೆ, ಬಹಳ ಗಟ್ಟಿ. “ಟ್ಯಾಂಕ್ ಬ್ರೆಡ್ ಇದೆಯಾ?” ಅಂತ ಕೇಳಿ ತಗೊಳ್ಳಿ.

ಕೊಳ್ಳುವ ಮುಂಚೆ ಐದು ಪ್ರಶ್ನೆ

1. ಈ ಪ್ರಾಣಿ ಸಮುದ್ರದಲ್ಲಿ ಏನು ತಿಂದು ಬದುಕುತ್ತದೆ? ಅದನ್ನು ನಾನು ದಿನವೂ ಕೊಡಬಲ್ಲೆನಾ? ಅಂಗಡಿಯಲ್ಲೇ ನಿಮ್ಮ ಮುಂದೆ ಅದಕ್ಕೆ ಊಟ ಹಾಕಿಸಿ ನೋಡಿ.

2. ಜೊತೆಗಾರ ಇಲ್ಲದೆಯೂ ಇದು ಬದುಕುತ್ತದಾ? ಬದುಕುವುದಾದರೆ ಮೊದಲು ಒಂದನ್ನೇ ತನ್ನಿ.

3. ಜೊತೆಗಾರ ಸರಿಯಾದ ಜಾತಿಯದೇನಾ? ಅಂಗಡಿಯ ಹೆಸರು ನಂಬಬೇಡಿ, ವೈಜ್ಞಾನಿಕ ಹೆಸರು ಕೇಳಿ ಅಲ್ಲೇ ಫೋನ್‌ನಲ್ಲಿ ಹುಡುಕಿ.

4. ಹುಟ್ಟಿದ್ದು ಹ್ಯಾಚರಿಯಲ್ಲೋ ಸಮುದ್ರದಲ್ಲೋ?

5. ನನ್ನ ಟ್ಯಾಂಕಿಗೆ ಎಷ್ಟು ವಯಸ್ಸು? ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲೇ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಬರೀ ನೀರು, ಕಲ್ಲು ನೋಡಿಕೊಂಡು ಕೂರುವ ತಾಳ್ಮೆ ಇದ್ದರೆ ಮಾತ್ರ ಈ ಹವ್ಯಾಸ.

ಇಷ್ಟೆಲ್ಲ ಜವಾಬ್ದಾರಿ ಬೇಡ, ನೋಡಿದರೆ ಸಾಕು ಅನ್ನುವವರಿಗೂ ದಾರಿ ಇದೆ. ಮಳೆಗಾಲ ಮುಗಿದ ಮೇಲೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋದರೆ ಹವಳದ ಮೀನುಗಳನ್ನು ಅವುಗಳ ಊರಿನಲ್ಲೇ ನೋಡಬಹುದು. ಈಜು ಬಾರದವರನ್ನೂ ಬೋಧಕರು ಕೈ ಹಿಡಿದು ನೀರಿಗಿಳಿಸುತ್ತಾರೆ.

ಟ್ಯಾಂಕೇ ಬೇಕು ಅನ್ನುವವರಿಗೆ ಕೊನೆಯದಾಗಿ ಒಂದು ಮಾತು. ಸಮುದ್ರದಲ್ಲಿ ಈ ಎಲ್ಲ ಜೋಡಿಗಳ ಹಿಂದೆ ಮೂರನೆಯವರೊಬ್ಬರು ಇರುತ್ತಾರೆ, ಅದು ಸಮುದ್ರ. ತಂಪು, ಉಪ್ಪು, ಊಟ, ಗಿರಾಕಿಗಳ ಸಾಲು ಎಲ್ಲ ಅದರ ಲೆಕ್ಕ. ಟ್ಯಾಂಕ್ ತಂದ ದಿನ ಆ ಲೆಕ್ಕ ನಿಮ್ಮ ಹೆಸರಿಗೆ ಬರುತ್ತದೆ. ದೀಪಾವಳಿಗೆ ಐದು ದಿನ ಊರಿಗೆ ಹೋದಾಗ ಊಟ ಯಾರು ಹಾಕುತ್ತಾರೆ, ಕರೆಂಟ್ ಹೋದರೆ ಪಂಪಿಗೆ ಯುಪಿಎಸ್ ಇದೆಯಾ, ಆವಿಯಾದ ನೀರನ್ನು ಯಾರು ತುಂಬುತ್ತಾರೆ, ಇಷ್ಟಕ್ಕೆ ಉತ್ತರ ಸಿಕ್ಕ ಮೇಲೆ ಅಂಗಡಿಗೆ ಹೋಗಿ. ಒಂದು ಹಳದಿ ಗೋಬಿ, ಒಂದು ಪಿಸ್ತೂಲ್ ಸಿಗಡಿ, ಮೂರು ಇಂಚು ಮರಳು. ಶುರುಮಾಡಲು ಅಷ್ಟು ಸಾಕು.